ಕಂಬದ ಮೇಲಿನ ಮರದ ಮನೆ ಬಿರುಗಾಳಿಗೆ ಹೇಗೆ ನಿಲ್ಲುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬಾಗಲಕೋಟೆ ಜಿಲ್ಲೆ. ಅಜ್ಜ ಬಡಿಗತನ ಮಾಡುತ್ತಿದ್ದರು. ನಾನು ಕೆಲಸದ ಮೇಲೆ ಎರಡು ವರ್ಷ ಅಸ್ಸಾಮಿನ ಜೋರ್ಹಾಟ್‌ನಲ್ಲಿದ್ದೆ. ರಜೆ ಸಿಕ್ಕಾಗೆಲ್ಲ ನಿಮಾತಿ ಘಾಟ್‌ನಲ್ಲಿ ದೋಣಿ ಹತ್ತಿ ಬ್ರಹ್ಮಪುತ್ರಾ ನಡುವಿನ ಮಾಜುಲಿ ದ್ವೀಪಕ್ಕೆ ಹೋಗಿ, ಕಂಬದ ಮೇಲಿನ ಮನೆಗಳಲ್ಲಿ ಉಳಿಯುತ್ತಿದ್ದೆ. ಊರಿಗೆ ಬಂದ ಮೇಲೆ ಸಂತೆಯಲ್ಲಿ, ಮದುವೆ ಪಂಕ್ತಿಯಲ್ಲಿ, ಪತ್ರದಲ್ಲಿ ಜನ ಇದರ ಬಗ್ಗೆ ಕೇಳುತ್ತಲೇ ಇದ್ದಾರೆ. ಕೇಳಿದವರ ಮಾತನ್ನು ಹಾಗೇ ಇಟ್ಟು ಉತ್ತರ ಬರೆದಿದ್ದೇನೆ.

## ಬುಡದಿಂದ ಶುರು

ಕಂಬದ ಮ್ಯಾಲಿನ ಮನಿ ಅಂದ್ರ ಏನ್ರಿ? ನಮ್ಮ ಹೊಲದಾಗಿನ ಅಟ್ಟ ಇದ್ದಂಗ ಏನು?

ಹೌದು, ಅದೇ. ಜೋಳ ಹಾಲುಗಾಳು ಕಟ್ಟಿದಾಗ ಹಕ್ಕಿ ಕಾಯಲು ನಾಲ್ಕು ಜಾಲಿ ಕಂಬ ನೆಟ್ಟು, ಮೇಲೆ ಕವಣಿ ಹಿಡಿದು ಕೂರುತ್ತೇವಲ್ಲ, ಅದನ್ನೇ ದೊಡ್ಡದು ಮಾಡಿ ಸಂಸಾರ ಹೂಡಿದರೆ ಕಂಬದ ಮನೆ. ಅಸ್ಸಾಮಿನ ಮಿಸಿಂಗ್ ಜನರ ಚಾಂಗ್ ಘರ್ ಇಂಥದ್ದು. ಬಿದಿರಿನ ನೆಲ ಐದಾರು ಅಡಿ ಮೇಲೆ ಇರುತ್ತದೆ. ಕೆಳಗಿನ ನೆರಳಲ್ಲಿ ಮಗ್ಗ, ಕೋಳಿ, ಹಂದಿ. ಹತ್ತುವುದಕ್ಕೆ ಮೆಟ್ಟಿಲು ಕೆತ್ತಿದ ಒಂದು ದಿಮ್ಮಿ. ನಿಕೋಬಾರ್‌ನ ಗುಂಡನೆಯ ಮನೆ, ಮಲಯ ನಾಡಿನ ಹಳ್ಳಿಮನೆ, ಫಿಲಿಪ್ಪೀನ್ಸ್‌ನ ಬಿದಿರು ಮನೆ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಹಲಗೆ ಮನೆ, ಇವೂ ಇದೇ ಜಾತಿ.

ಗಾಳಿ ಜಾಸ್ತಿ ಅಂತ ಹಿಂಗ ಎತ್ತರದಾಗ ಕಟ್ತಾರೇನ್ರಿ?

ಅಲ್ಲ. ಎಲ್ಲರೂ ಹೀಗೇ ತಿಳಿದಿರುತ್ತಾರೆ. ಎತ್ತರಿಸುವುದು ನೀರಿಗೆ, ತೇವಕ್ಕೆ, ಹಾವು ಚೇಳಿಗೆ, ಸೆಕೆಗೆ. ಬ್ರಹ್ಮಪುತ್ರಾ ಪ್ರತಿ ಮಳೆಗಾಲ ದಂಡೆ ಮೀರಿ ಬರುತ್ತದೆ, ಅದಕ್ಕೆ ಚಾಂಗ್ ಘರ್. ಗಾಳಿಯ ಮಟ್ಟಿಗೆ ಎತ್ತರ ಅನ್ನುವುದು ತಲೆನೋವೇ. ನೆಲ ಬಿಟ್ಟು ಮೇಲೆ ಹೋದಂತೆ ಗಾಳಿ ಜೋರು. ಮನೆಯ ಭಾರವೆಲ್ಲ ತೆಳ್ಳನೆಯ ಕಾಲುಗಳ ಮೇಲೆ. ನೀರಿಗೆ ಹೆದರಿ ಮೇಲೆ ಹತ್ತಿದವರು, ಹತ್ತಿದ್ದಕ್ಕೆ ಗಾಳಿಗೂ ಉತ್ತರ ಹುಡುಕಬೇಕಾಯಿತು. ಮುಂದೆ ಬರುವುದೆಲ್ಲ ಆ ಉತ್ತರಗಳೇ.

ಅಷ್ಟು ಹಗುರ ಮನಿ ಹಾರಿ ಹೋಗಂಗಿಲ್ಲೇನು?

ಕಟ್ಟಿ ಹಿಡಿದಿರದಿದ್ದರೆ ಹಾರಿಯೇ ಹೋಗುತ್ತದೆ. ಇದೊಂದು ತಿಳಿದರೆ ಮುಕ್ಕಾಲು ವಿಷಯ ತಿಳಿದ ಹಾಗೆ: ಮೇಲೆ ಮಣ್ಣು ಹಾಸಿದ ನಮ್ಮ ಮಾಳಿಗೆ ಮನೆ ಭಾರದಿಂದ ನಿಲ್ಲುತ್ತದೆ, ಆ ಮನೆ ಗಂಟಿನಿಂದ ನಿಲ್ಲುತ್ತದೆ.

ಹತ್ತು ಅಡಿ, ಹನ್ನೆರಡು ಅಡಿಯ ಒಂದು ಕೋಣೆ ಇಟ್ಟುಕೊಳ್ಳಿ. 120 ಚದರ ಅಡಿ ಚಾವಣಿ. ಗಂಟೆಗೆ ಸುಮಾರು 119 ಕಿ.ಮೀ. ಗಾಳಿ ಬೀಸಿದರೆ ಆ ಚಾವಣಿಯನ್ನು ಏಳು ಕ್ವಿಂಟಲ್‌ಗೂ ಹೆಚ್ಚು ಬಲದಿಂದ ಮೇಲೆ ಎಳೆಯಬಹುದು. ಮುಕ್ಕಾಲು ಅಡಿ ದಪ್ಪ ಮಣ್ಣು ಹಾಕಿದ ಮಾಳಿಗೆ ಅಷ್ಟೇ ಜಾಗಕ್ಕೆ 40 ಕ್ವಿಂಟಲ್ ತೂಗುತ್ತದೆ. ಗಾಳಿ ಅದನ್ನು ಏನೂ ಮಾಡಲಾರದು. ಅದೇ ಜಾಗಕ್ಕೆ ತಗಡು ಹಾಕಿದರೆ? ತಗಡಿನ ತೂಕ ಅರ್ಧ ಕ್ವಿಂಟಲ್ ಆದರೆ ಹೆಚ್ಚು. ಉಳಿದ ಆರೂವರೆ ಕ್ವಿಂಟಲ್ ಎಳೆತವನ್ನು ಯಾರು ತಡೀಬೇಕು? ಗಂಟೇ ತಡೀಬೇಕು. ಹುಲ್ಲು ಬಿದಿರಿನ ಮನೆಗೂ ಇದೇ ಮಾತು.

ಕೆಳಗೆ ಖಾಲಿ ಇರೋದರಿಂದ ಗಾಳಿ ಸುಮ್ನೆ ಹಾದು ಹೋಗುತ್ತೆ, ಅದಕ್ಕೇ ಗಟ್ಟಿ ಅಲ್ವಾ?

ಅರ್ಧ ಸತ್ಯ. ಕೆಳಗೆ ಗೋಡೆ ಇಲ್ಲದ್ದರಿಂದ ಅಲ್ಲಿ ತಳ್ಳುವುದಕ್ಕೆ ಗಾಳಿಗೆ ಏನೂ ಸಿಗುವುದಿಲ್ಲ, ಅದು ನಿಜ. ಆದರೆ ಹಾಗೆ ಹಾದು ಹೋಗುವಾಗ ನೆಲವನ್ನೂ ಕೆಳಗಿಂದ ಒತ್ತುತ್ತದೆ, ಎಳೆಯುತ್ತದೆ. ಬಿದಿರು ಸೀಳಿ ಸಂದು ಬಿಟ್ಟು ಹಾಸಿದ ನೆಲಕ್ಕೆ ಇದರ ಕಾಟ ಕಡಿಮೆ. ಕೆಳಗಿನ ಖಾಲಿ ಜಾಗಕ್ಕೆ ಆಮೇಲೆ ಒಂದು ಬದಿ ಗೋಡೆ ಕಟ್ಟಿ ಸಾಮಾನು ತುಂಬಿದರಂತೂ ಲೆಕ್ಕವೇ ತಪ್ಪುತ್ತದೆ.

## ಕಟ್ಟುವ ಬಗೆ

ಮೊಳಿ ಇಲ್ಲದ ಕಟ್ಟಿಗಿ ಮನಿ ಹೆಂಗ ನಿಂದರ್ತದ?

ಮೊಳೆ ಇಲ್ಲದ್ದರಿಂದಲೇ ಚೆನ್ನಾಗಿ ನಿಲ್ಲುತ್ತದೆ ಅನ್ನಬಹುದು. ಮೊಳೆಯ ಗುಣ ನೋಡಿ. ಅಡ್ಡಕ್ಕೆ ತಳ್ಳಿದರೆ ಹಿಡಿಯುತ್ತದೆ. ಬಡಿದ ದಾರಿಯಲ್ಲೇ ಹಿಂದಕ್ಕೆ ಎಳೆದರೆ ಸರಾಗ ಹೊರಗೆ ಬರುತ್ತದೆ. ಗಾಳಿ ಚಾವಣಿಯನ್ನು ಎಳೆಯುವುದು ಸರಿಯಾಗಿ ಆ ದಿಕ್ಕಿಗೇ.

ಮಲಯ ನಾಡಿನ ಬಡಿಗರು ಕಂಬದಲ್ಲಿ ಆರುಪಾರು ತೂತು ಕೊರೆಯುತ್ತಾರೆ. ತೊಲೆಯ ತುದಿಯನ್ನು ಅದರೊಳಗೆ ತೂರಿಸಿ, ಉಳಿದ ಸಂದಿಗೆ ಬೆಣೆ ಬಡಿಯುತ್ತಾರೆ. ತೊಲೆ ಮೇಲಕ್ಕೂ ಬರುವ ಹಾಗಿಲ್ಲ, ಪಕ್ಕಕ್ಕೂ ಸರಿಯುವ ಹಾಗಿಲ್ಲ. ಬೆಣೆ ಸಡಿಲಾದರೆ ಇನ್ನೆರಡು ಏಟು. ಬೆಣೆ ತೆಗೆದು ಮನೆಯನ್ನೇ ಬಿಚ್ಚಿ ಬೇರೆ ಕಡೆ ಕಟ್ಟಬಹುದು. ಊರ ಜನ ಸೇರಿ ಇಡೀ ಮನೆಯನ್ನು ಹೆಗಲ ಮೇಲೆ ಹೊತ್ತು ಸಾಗಿಸುವ ರೂಢಿಯೂ ಅಲ್ಲಿತ್ತು. ನಮ್ಮ ಅಜ್ಜ ಬಂಡಿ ಗಾಲಿಗೆ ಅರ ಕೂರಿಸಿ ಬೆಣೆ ಬಡಿಯುತ್ತಿದ್ದದ್ದು ನೋಡಿದವನಿಗೆ ಇದೇನೂ ಹೊಸದಲ್ಲ.

ಬಿದಿರಿಗೆ ಈ ಕೊರೆತ ನಡೆಯುವುದಿಲ್ಲ, ಸೀಳುತ್ತದೆ. ಅಲ್ಲಿ ಬಿಗಿಯುವುದೇ ದಾರಿ. ನಿಕೋಬಾರ್‌ನಲ್ಲಿ ಬೆತ್ತ, ಅಸ್ಸಾಮಿನಲ್ಲಿ ಬೆತ್ತ ಇಲ್ಲವೇ ಎಳೆ ಬಿದಿರಿನ ಸೀಳು. ನೆನೆಸಿ ಕಟ್ಟುತ್ತಾರೆ. ಒಣಗಿದಂತೆ ಅದು ಬಿಗಿದುಕೊಳ್ಳುತ್ತದೆ. ನಮ್ಮಲ್ಲಿ ಪುಂಡಿ ನಾರು ನೆನೆಸಿ ಕಟ್ಟುವುದೂ ಅದಕ್ಕೇ ಅಲ್ವಾ? ಒಂದು ಗಂಟನ್ನು ಮಾಜುಲಿಯಲ್ಲಿ ಹತ್ತಿರದಿಂದ ನೋಡಿದೆ. ಅಡ್ಡ ಬಿದಿರು ಕಂಬಕ್ಕೆ ಕೂಡುವ ಜಾಗ. ಸೀಳನ್ನು ಮೊದಲು ಎಡದಿಂದ ಬಲಕ್ಕೆ ಓರೆಯಾಗಿ ಮೂರು ಸುತ್ತು, ಆಮೇಲೆ ಬಲದಿಂದ ಎಡಕ್ಕೆ ಮೂರು. ಕೊನೆಗೆ ಎರಡು ಬಿದಿರಿನ ನಡುವೆ ತೂರಿಸಿ, ಕಟ್ಟಿದ ಸುತ್ತುಗಳಿಗೇ ಬಿಗಿಯಾಗಿ ಎರಡು ಸುತ್ತು. ಗಂಟಿನ ತುದಿ ಎಲ್ಲಿದೆ ಅಂತ ಹುಡುಕಿದರೂ ನನಗೆ ಸಿಗಲಿಲ್ಲ. ಮನೆಯ ಯಜಮಾನ ನಕ್ಕು, ಹಿಂದೆ ಮಡಚಿ ಒಳಗೆ ಸಿಕ್ಕಿಸಿದ್ದನ್ನು ಉಗುರಿನಿಂದ ಎತ್ತಿ ತೋರಿಸಿದ.

ಕಂಬ ನೆಲದಾಗ ಹುಗೀಬೇಕೋ, ಕಲ್ಲಿನ ಮ್ಯಾಲೆ ನಿಂದರಸಬೇಕೋ?

ಎರಡೂ ಪದ್ಧತಿ ಇವೆ. ಎರಡಕ್ಕೂ ಬೆಲೆ ತೆರಬೇಕು. ಹುಗಿದ ಕಂಬ ವಾಲುವುದಿಲ್ಲ, ಕಿತ್ತು ಬರುವುದಿಲ್ಲ. ಆದರೆ ಕೊಳೆಯುತ್ತದೆ. ಅದೂ ಮಣ್ಣಿನ ಆಳದಲ್ಲಲ್ಲ, ನೆಲಮಟ್ಟದಲ್ಲಿ. ಗಾಳಿ, ನೀರು ಎರಡೂ ಸಿಗುವುದು ಅಲ್ಲೇ. ಹಳೆಯ ಬೇಲಿ ಗೂಟ ಅಲ್ಲಾಡಿಸಿ ನೋಡಿ, ಮುರಿಯುವುದು ಅಲ್ಲೇ.

ಕಲ್ಲಿನ ಮೇಲೆ ನಿಲ್ಲಿಸಿದ ಕಂಬಕ್ಕೆ ತೇವ ತಾಗುವುದಿಲ್ಲ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ. ನಮ್ಮ ಪಡಸಾಲೆ ಕಂಬಗಳೂ ಕಲ್ಲಿನ ಮೇಲೇ ನಿಂತಿವೆ. ಆದರೆ ಕಲ್ಲು ಕಂಬವನ್ನು ಕೆಳಗೆ ಹಿಡಿದುಕೊಂಡಿರುವುದಿಲ್ಲ. ಹಾಗಾಗಿ ಅಂಥ ಮನೆಯಲ್ಲಿ ಎಲ್ಲ ಕಂಬಗಳನ್ನೂ ಅಡ್ಡ ತೊಲೆಗಳಿಂದ ಒಂದೇ ಚೌಕಟ್ಟಾಗಿ ಬಿಗಿದಿರುತ್ತಾರೆ. ಎತ್ತಬೇಕಾದರೆ ಇಡೀ ಮನೆಯನ್ನೇ ಎತ್ತಬೇಕು. ಈಗ ಕಟ್ಟುವವರು ಕಾಂಕ್ರೀಟ್ ಬುಡ ಹಾಕಿ, ಅದರಿಂದ ಎದ್ದು ಬಂದ ಕಬ್ಬಿಣದ ಪಟ್ಟಿಗೆ ಕಂಬವನ್ನು ಬೋಲ್ಟ್ ಮಾಡುತ್ತಾರೆ. ನನ್ನ ಓಟು ಅದಕ್ಕೇ.

ಓರೆ ಕಟ್ಟಿಗಿ ಯಾಕ ಹಾಕ್ತಾರ? ಅಂದಕ್ಕೇನು?

ಅಂದಕ್ಕಲ್ಲ. ಹಳೆಯ ಹೊರಸು ಸಡಿಲಾದರೆ ನಾಲ್ಕೂ ಕಾಲು ಒಂದೇ ಕಡೆ ವಾಲುತ್ತವೆ, ನೋಡಿರುತ್ತೀರಿ. ಕಾಲು ಮುರಿದಿಲ್ಲ, ಪಟ್ಟಿ ಮುರಿದಿಲ್ಲ, ಆದರೂ ಹೊರಸು ಮಲಗಿತು. ಚೌಕಕ್ಕೆ ಆ ದೌರ್ಬಲ್ಯ ಇದೆ. ಮೂಲೆಯಿಂದ ಮೂಲೆಗೆ ಒಂದು ಓರೆ ಕಟ್ಟಿಗೆ ಹಾಕಿದರೆ ಎರಡು ತ್ರಿಕೋನ ಆಗುತ್ತವೆ. ತ್ರಿಕೋನ ವಾಲಬೇಕಾದರೆ ಕಟ್ಟಿಗೆ ಮುರಿಯಬೇಕು, ಇಲ್ಲವೇ ಗಂಟು ಬಿಚ್ಚಬೇಕು. ಕಂಬದ ಮನೆಗೆ ಈ ಓರೆ ಎರಡೂ ದಿಕ್ಕಿಗೆ ಬೇಕು. ಓಡಾಡಲು ಅಡ್ಡ ಬರುತ್ತದೆ ಅಂತ ಒಂದು ಬದಿ ಬಿಡುವವರಿದ್ದಾರೆ. ಗಾಳಿ ಆ ಬದಿಯಿಂದಲೇ ಬಂದಾಗ ಗೊತ್ತಾಗುತ್ತದೆ.

ಚಾವಣಿ ಅಷ್ಟು ಕಡಿದಾಗಿ ಯಾಕೆ ಇರುತ್ತೆ?

ಹುಲ್ಲಿನ ಮೇಲೆ ಮಳೆ ನಿಲ್ಲಬಾರದು, ಅದು ಮೊದಲ ಕಾರಣ. ಗಾಳಿಗೂ ಅದರಿಂದ ಲಾಭ ಇದೆ. ಚಪ್ಪಟೆ ಅಥವಾ ಸ್ವಲ್ಪವೇ ಇಳಿಜಾರಿರುವ ಹಗುರ ಚಾವಣಿಯ ಮೇಲೆ ಗಾಳಿ ಜಾರುವಾಗ ಹೀರುವ ಬಲ ಜಾಸ್ತಿ. ಎರಡು ಅಡಿ ಮುಂದೆ ಹೋದರೆ ಒಂದು ಅಡಿಗಿಂತ ತುಸು ಹೆಚ್ಚು ಏರುವ ಇಳಿಜಾರು ಆದರೆ ಆ ಹೀರುವಿಕೆ ಬಹಳ ತಗ್ಗುತ್ತದೆ. ಎರಡು ಕಡೆ ಇಳಿಜಾರಿಗಿಂತ ನಾಲ್ಕೂ ಕಡೆ ಇಳಿಜಾರು ಚಲೋ. ಗಾಳಿ ಬಂದು ಗುದ್ದುವ ನೆಟ್ಟನೆಯ ತ್ರಿಕೋನ ಗೋಡೆಯೇ ಇರುವುದಿಲ್ಲ. ನಿಕೋಬಾರ್‌ನ ಗುಂಡು ಮನೆ ಇನ್ನೂ ಒಂದು ಹೆಜ್ಜೆ ಮುಂದೆ: ಬೋರಲು ಹಾಕಿದ ಗಡಿಗೆಯಂಥ ಹುಲ್ಲಿನ ಗುಮ್ಮಟ, ಮೂಲೆಯೇ ಇಲ್ಲ. ಬಾಗಿಲೂ ನೆಲದಲ್ಲಿ, ಏಣಿ ಹಾಕಿ ಕೆಳಗಿಂದ ಹತ್ತಬೇಕು.

ಸೂರು ಮಾತ್ರ ಜಾಸ್ತಿ ಹೊರಗೆ ಚಾಚಬೇಡಿ. ಒಂದೂವರೆ ಅಡಿ ಸಾಕು. ಗಾಳಿ ಮೊದಲು ಕೈ ಹಾಕುವುದು ಅಲ್ಲಿಗೆ.

ಗ್ವಾಡಿ ತಟ್ಟಿಯದು, ಸಂದಿ ಸಂದಿ. ಗಾಳಿ ಒಳಗ ಬರ್ತದಲ್ಲ?

ಬರಲಿ ಅಂತಲೇ ಹಾಗೆ. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲೂ ದಾರಿ ಇದೆ. ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಸಮ. ಅಪಾಯ ಇರುವುದು ಬಿಗಿಯಾದ ಮನೆಯಲ್ಲಿ ಗಾಳಿ ಬರುವ ಕಡೆಯ ಬಾಗಿಲು ಮಾತ್ರ ಕಿತ್ತು ಹೋದಾಗ. ಆಗ ಒಳಗೆ ನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿಂದ ಒತ್ತುತ್ತದೆ, ಹೊರಗಿನದು ಮೇಲಿಂದ ಹೀರುತ್ತದೆ. ಊದಿದ ಬಲೂನಿನ ಹಾಗೆ. ಬಿರುಗಾಳಿ ಶುರುವಾದ ಕೂಡಲೇ ಆ ಕಡೆಯ ಬಾಗಿಲಿಗೆ ಅಗಳಿ ಹಾಕಿ ಅನ್ನುವುದು ಇದಕ್ಕೇ.

ಮನೆ ಅಲ್ಲಾಡುತ್ತೆ ಅಂತಾರೆ. ಹೆದರಿಕೆ ಆಗಲ್ವಾ?

ಆಗುತ್ತದೆ. ಅಸ್ಸಾಮಿನಲ್ಲಿ ಏಪ್ರಿಲ್‌ನಲ್ಲಿ ಬಿಹು ಹಬ್ಬದ ಆಸುಪಾಸು ಬರುವ ಬಿರುಗಾಳಿಗೆ ಬೊರ್ದೊಯ್ಸಿಲಾ ಅನ್ನುತ್ತಾರೆ. ತವರಿಗೆ ಹೊರಟ ಮಗಳು, ಅವಸರದಲ್ಲಿ ದಾರಿಯ ಮನೆ ಮರ ಕೆಡವುತ್ತಾ ಹೋಗುತ್ತಾಳೆ ಅಂತ ಕತೆ. ಅಂಥ ಒಂದು ರಾತ್ರಿ ನಾನು ಮಾಜುಲಿಯಲ್ಲಿದ್ದೆ. ಮೊದಲು ನೆಲದ ಬಿದಿರು ಕಿರುಗುಟ್ಟಿತು. ಆಮೇಲೆ ತೂಗಿಹಾಕಿದ್ದ ಕಂದೀಲು ಗಡಿಯಾರದ ಲೋಲಕದಂತೆ ತೂಗತೊಡಗಿತು. ನಾನು ಎದ್ದು ಕೂತೆ. ಮನೆಯ ಅಜ್ಜಿ ಒಲೆಯ ಬೆಂಕಿಗೆ ಬೂದಿ ಮುಚ್ಚಿ ಮಗ್ಗುಲಾದಳು, ಅಷ್ಟೇ.

ಆ ಅಲುಗಾಟದಲ್ಲಿ ಒಂದಿಷ್ಟು ಹೊಡೆತ ಗಂಟುಗಳ ಉಜ್ಜಾಟದಲ್ಲೇ ಕರಗುತ್ತದೆ. ಹಾಗಂತ ಅಲ್ಲಾಡಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಪ್ರತಿ ಅಲುಗಾಟಕ್ಕೂ ಗಂಟು ಕೂದಲೆಳೆಯಷ್ಟು ಸಡಿಲಾಗುತ್ತದೆ. ಮರುದಿನ ಬೆಳಿಗ್ಗೆ ಮನೆಯವರು ಮಾಡಿದ ಮೊದಲ ಕೆಲಸ ಒಂದೊಂದೇ ಗಂಟು ಮುಟ್ಟಿ ನೋಡಿದ್ದು.

## ನಮ್ಮ ಕಡೆಗೆ ಬಂದರೆ

ಹಿರಿಯರ ಮಾಳಿಗಿ ಮನಿ ಯಾವ ಗಾಳಿಗೂ ಅಲ್ಲಾಡಿಲ್ಲ. ಅದಕ್ಕಿಂತ ಇದು ಹೆಂಗ ಚಲೋ?

ಗಾಳಿ ಒಂದನ್ನೇ ನೋಡಿದರೆ ಮಾಳಿಗೆಯೇ ಚಲೋ, ಬೇಸಿಗೆಯಲ್ಲಿ ತಂಪೂ ಹೌದು. ಕಂಬ, ಬೋದಿಗೆ, ತೊಲೆ, ಜಂತಿ, ಮೇಲೆ ಮಣ್ಣು: ಒಳಗೆ ಅದೂ ಮರದ ಮನೆಯೇ. ಆದರೆ ಭಾರ ಎರಡು ಕಡೆ ಕೈ ಕೊಡುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ, ಎಲ್ಲ ಅವರ ಮೇಲೇ ಬಿತ್ತು. ಇನ್ನೊಂದು ಕಡೆ ನೀರು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಉಕ್ಕಿದಾಗ ಗೋಡೆಯ ಬುಡ ನೆನೆದು ಕುಸಿದದ್ದನ್ನು ನಾವೇ ಕಂಡಿದ್ದೇವೆ.

ನಮ್ಮ ಪತ್ರಾಸ್ ಮಾತ್ರ ಯಾಕ ಪ್ರತಿ ವರ್ಷ ಹಾರ್ತಾವ?

ಪತ್ರಾಸ್ ಅಂದರೆ ತಗಡು, ಅದಕ್ಕೆ ಮಾಳಿಗೆಯ ಭಾರವೂ ಇಲ್ಲ, ಚಾಂಗ್ ಘರ್‌ನ ಗಂಟೂ ಇಲ್ಲ. ಮೇಲೆ ಹತ್ತು ಕಲ್ಲು ಇಟ್ಟರೆ ಒಂದು ಕ್ವಿಂಟಲ್ ಆದೀತು. ಎಳೆತ ಏಳು ಕ್ವಿಂಟಲ್. ಹಾರಿದ ತಗಡಿನ ಜೊತೆ ಆ ಕಲ್ಲೂ ಯಾರದೋ ತಲೆ ಮೇಲೆ.

ನನ್ನದೇ ಕತೆ ಹೇಳುತ್ತೇನೆ. ಬಸವ ಜಯಂತಿ ಹೊತ್ತಿನ ಅಡ್ಡಮಳೆಗೆ ನಮ್ಮ ದನದ ಶೆಡ್ಡಿನ ತಗಡು ಹಾರಿತು. ನೋಡಿದರೆ ಮೊಳೆಗಳು ನೆಟ್ಟಗೆ ಕಿತ್ತು ಬಂದಿದ್ದವು. ಸರಿ ಅಂತ ಈ ಸಲ ಮೊಳೆ ಬಿಟ್ಟು, ಕೊಕ್ಕೆ ಬೋಲ್ಟ್ ಹಾಕಿ, ವಾಷರ್ ಕೊಟ್ಟು ಬಿಗಿದೆ. ಮರುವರ್ಷ ತಗಡು ಬೋಲ್ಟಿನ ಸಮೇತ ಅಡ್ಡಪಟ್ಟಿಯನ್ನೂ ಎತ್ತಿಕೊಂಡು ಹೋಗಿ ಪಕ್ಕದ ಕಬ್ಬಿನ ಗದ್ದೆಯಲ್ಲಿ ಬಿತ್ತು. ಅಡ್ಡಪಟ್ಟಿ ತೊಲೆಯ ಮೇಲೆ ಸುಮ್ನೆ ಕೂತಿತ್ತು, ಅದನ್ನು ಕಟ್ಟುವ ಯೋಚನೆಯೇ ನನಗೆ ಬಂದಿರಲಿಲ್ಲ! ತಗಡನ್ನು ಪಟ್ಟಿಗೆ, ಪಟ್ಟಿಯನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ, ಕಂಬವನ್ನು ನೆಲಕ್ಕೆ ಕಟ್ಟಬೇಕು. ನಡುವೆ ಒಂದು ಬಿಟ್ಟರೂ ಮೇಲಿನದೆಲ್ಲ ದಂಡ. ಪಟ್ಟಿ ತೊಲೆ ಕೂಡುವಲ್ಲಿ ಕಬ್ಬಿಣದ ಪಟ್ಟಿ ಸುತ್ತಿ ಬೋಲ್ಟ್ ಹಾಕಿ. ಅಂಚು, ಮೂಲೆ, ನೆತ್ತಿಯಲ್ಲಿ ಬೋಲ್ಟು ಒತ್ತೊತ್ತಾಗಿ ಇರಲಿ. ನಡುವಿಗಿಂತ ಅಲ್ಲಿ ಎಳೆತ ಜಾಸ್ತಿ.

ಹೊಳಿ ದಂಡ್ಯಾಗ ನಾವೂ ಹಿಂಗ ಕಂಬದ ಮ್ಯಾಲೆ ಮನಿ ಕಟ್ಟಿದ್ರ ನಡೀತದೇನು?

ನೀರು ನಿಧಾನಕ್ಕೆ ಏರಿ ಇಳಿಯುವ ಜಾಗದಲ್ಲಿ ನಡೆಯುತ್ತದೆ. ಸೆಳವು ಇರುವಲ್ಲಿ ಬೇಡ. ತೇಲಿ ಬಂದ ಒಂದು ಮರದ ಬೊಡ್ಡೆ ಕಂಬಕ್ಕೆ ಗುದ್ದಿದರೆ ಮುಗಿಯಿತು. ಕಂಬದ ಬುಡದ ಮಣ್ಣೂ ಕೊಚ್ಚಿ ಹೋಗುತ್ತದೆ. ಇನ್ನು ದನಗಳನ್ನು ಏನು ಮಾಡುತ್ತೀರಿ? ಮಿಸಿಂಗ್ ಜನ ಹಂದಿ ಕೋಳಿ ಮೇಲೆತ್ತಿಕೊಳ್ಳಬಹುದು. ನಮ್ಮ ಎಮ್ಮೆ ಏಣಿ ಹತ್ತುವುದಿಲ್ಲ.

ಎರಿ ಹೊಲದಾಗ ಕಂಬ ನಿಲ್ತಾವೇನು?

ಕಷ್ಟ. ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಗಾಳಿ ಜೋರಾಗುವ ಮೇ ತಿಂಗಳಲ್ಲೇ ಕಂಬದ ಸುತ್ತ ಸಂದು ಬಿಟ್ಟಿರುತ್ತದೆ. ಗರಸು ಅಥವಾ ಗಟ್ಟಿ ಪದರ ಸಿಗುವ ತನಕ ಕುಣಿ ತೋಡಿ, ಕಂಬದ ಸುತ್ತ ಎರೆಮಣ್ಣೇ ತುಂಬದೆ ಗರಸು ಹಾಕಿ ಹದವಾಗಿ ನೀರು ಹೊಡೆದು ದಮ್ಮಸು ಮಾಡಿ. ಬಾದಾಮಿ, ಗುಳೇದಗುಡ್ಡದ ಕಡೆ ಕಲ್ಲು ನೆಲದವರಿಗೆ ಈ ಚಿಂತೆ ಇಲ್ಲ. ಅವರಿಗೆ ಕುಣಿ ತೋಡುವುದೇ ಚಿಂತೆ.

ಯಾವ ಕಟ್ಟಿಗಿ ತರ್ಲಿ?

ದುಡ್ಡಿದ್ದರೆ ದಾಂಡೇಲಿ ಕಡೆಯ ಸಾಗವಾನಿ, ಇಲ್ಲದಿದ್ದರೆ ಮತ್ತಿ. ನಮ್ಮಲ್ಲೇ ಬೆಳೆಯುವ ಕರಿಜಾಲಿ ಗಟ್ಟಿ, ಆದರೆ ನೆಟ್ಟನೆಯ ಉದ್ದ ಕಂಬ ಸಿಗುವುದು ಅಪರೂಪ. ಗಿಡ್ಡ ಕಂಬಕ್ಕೆ, ಬೆಣೆಗೆ, ಗೂಟಕ್ಕೆ ಅದೇ ಸರಿ. ಬಿದಿರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ವಿಚಾರಿಸಿ. ಎಳೆ ಬಿದಿರು ಬೇಡ, ಮೂರು ನಾಲ್ಕು ವರ್ಷ ಬಲಿತದ್ದು ಬೇಕು. ಹಸಿ ಕಟ್ಟಿಗೆಯಲ್ಲಿ ಕೊರೆದ ತೂತು ಒಣಗಿದ ಮೇಲೆ ಸಡಿಲಾಗುತ್ತದೆ, ಅವಸರ ಮಾಡಬೇಡಿ.

## ಸ್ವಲ್ಪ ಆಳಕ್ಕೆ

ಗಾಳಿಯ ಬಲದ ಲೆಕ್ಕ ಹೇಗೆ ಹಾಕೋದು?

ಗಾಳಿಯ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಅಂತ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 0.6ರಿಂದ ಗುಣಿಸಿ. ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಅಂತ ಸಿಗುತ್ತದೆ. ವೇಗ 33 ಆದರೆ ಒತ್ತಡ 653, ಅಂದರೆ ಸುಮಾರು 67 ಕಿಲೋ ಭಾರ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು.

ಕಟ್ಟಡಗಳ ಮೇಲಿನ ಗಾಳಿಯ ಬಲಕ್ಕೆ ಇರುವ ಭಾರತೀಯ ಮಾನಕ 875ರ ಮೂರನೇ ಭಾಗ ದೇಶವನ್ನು ಸೆಕೆಂಡಿಗೆ 33ರಿಂದ 55 ಮೀಟರ್ ತನಕ ಆರು ಗಾಳಿ ವಲಯ ಮಾಡಿದೆ. ಬೆಂಗಳೂರಿಗೆ 33, ಪೋರ್ಟ್ ಬ್ಲೇರ್‌ಗೆ 44, ಚೆನ್ನೈಗೆ 50. ಇವು 50 ವರ್ಷಕ್ಕೊಮ್ಮೆ ಬರಬಹುದಾದ, ನೆಲದಿಂದ 10 ಮೀಟರ್ ಎತ್ತರದ ಬೀಸು. ಇದರ ಮೇಲೆ ಬಯಲೋ ಊರೋ, ಗುಡ್ಡದ ನೆತ್ತಿಯೋ ಅಂತ ನೋಡಿ ಹೆಚ್ಚುಕಡಿಮೆ ಮಾಡುತ್ತಾರೆ. ಸವದತ್ತಿ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಚಾವಣಿಯ ಮೂಲೆಗಳಲ್ಲಿ ಎಳೆತ ಈ ಲೆಕ್ಕಕ್ಕಿಂತ ಹೆಚ್ಚಾಗುವುದೂ ಉಂಟು. ಮೇಲೆ ನಾನು ಕೊಟ್ಟ ಏಳು ಕ್ವಿಂಟಲ್ ಒರಟು ಲೆಕ್ಕ.

ಇಂಥ ಮನೆಗಳು ಗಾಳಿಗೆ ಬಿದ್ದದ್ದೇ ಇಲ್ವಾ?

ಬಿದ್ದಿವೆ, ಸಾಲು ಸಾಲಾಗಿ. 1974ರ ಕ್ರಿಸ್‌ಮಸ್ ದಿನ ಆಸ್ಟ್ರೇಲಿಯಾದ ಡಾರ್ವಿನ್ ಊರಿಗೆ ಟ್ರೇಸಿ ಚಂಡಮಾರುತ ಬಡಿಯಿತು. ಗಂಟೆಗೆ 217 ಕಿ.ಮೀ. ತೋರಿಸಿ ಅಳೆಯುವ ಯಂತ್ರವೇ ಕೆಟ್ಟಿತು. ಊರಿನ ಮನೆಗಳಲ್ಲಿ ನೂರಕ್ಕೆ ಸುಮಾರು 70 ಹಾಳಾದವು. ಕಂಬದ ಮೇಲಿನ ಹಗುರ ಮನೆಗಳು ಅಲ್ಲಿ ಬಹಳ ಇದ್ದವು. ಎಷ್ಟೋ ಕಡೆ ಕಂಬಗಳು, ನೆಲದ ಹಲಗೆ ಉಳಿದು, ಮೇಲಿನ ಮನೆ ಮಾಯ.

ಕಾರಣ ಹುಡುಕಿದಾಗ ಒಂದು ಸೂಕ್ಷ್ಮ ಸಿಕ್ಕಿತು. ತಗಡು ಒಂದೇ ಎಳೆತಕ್ಕೆ ಹೋಗಿರಲಿಲ್ಲ. ಗಾಳಿ ಗಂಟೆಗಟ್ಟಲೆ ಎಳೆದು ಬಿಟ್ಟು, ಎಳೆದು ಬಿಟ್ಟು, ಮೊಳೆ ಸ್ಕ್ರೂಗಳ ಸುತ್ತ ತಗಡು ಬಳಲಿ ಸೀಳಿತ್ತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಅಲ್ಲಿಂದ ಮುಂದೆ ಅಲ್ಲಿನ ಕಟ್ಟಡ ನಿಯಮಗಳೇ ಬದಲಾದವು: ಚಾವಣಿಯಿಂದ ಅಡಿಪಾಯದ ತನಕ ಎಳೆತ ಇಳಿಯುವ ದಾರಿ ತೋರಿಸಬೇಕು, ತಗಡನ್ನು ಹಿಂದೆ ಮುಂದೆ ಎಳೆದು ಪರೀಕ್ಷೆ ಮಾಡಬೇಕು.

ಐಹೊಳೆಯ ಲಾಡಖಾನ್ ಗುಡಿ ಮರದ ಮನೆಯ ನಕಲು ಅಂತಾರೆ. ಖರೆ ಏನು?

ಚಾವಣಿ ನೋಡಿದರೆ ಹಾಗೇ ಅನ್ನಿಸುತ್ತದೆ. ಇಳಿಜಾರಾಗಿ ಹಾಸಿದ ಕಲ್ಲು ಚಪ್ಪಡಿ, ಎರಡು ಚಪ್ಪಡಿ ಕೂಡುವ ಸಂದಿಯ ಮೇಲೆ ದಿಮ್ಮಿಯ ಆಕಾರದ ಉದ್ದನೆಯ ಕಲ್ಲುಪಟ್ಟಿ. ಮರದ ಚಾವಣಿಯಲ್ಲಿ ಸಂದಿ ಮುಚ್ಚಲು ಪಟ್ಟಿ ಬಡಿಯುವ ರೂಢಿಯನ್ನೇ ಕಲ್ಲಿನಲ್ಲಿ ಮಾಡಿದ್ದಾರೆ. ಗಾಳಿಗೆ ಅದು ಹೆದರಬೇಕಿಲ್ಲ, ಭಾರದ ಪಕ್ಷದ್ದು.

ತ್ವಾಟದಾಗ ಒಂದು ಸಣ್ಣದು ಕಟ್ಟಬೇಕಂತೇನಿ. ಎಲ್ಲಿಂದ ಸುರು ಮಾಡ್ಲಿ?

ಜನ ಮಲಗುವ ಮನೆ ಆದರೆ ಮೊದಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ನಕ್ಷೆ ತೋರಿಸಿ. ಅದಕ್ಕೂ ಮುಂಚೆ ಒಂದು ಅಟ್ಟ ಕಟ್ಟಿ ಕೈ ಪಳಗಿಸಿಕೊಳ್ಳಿ. ನಾಲ್ಕು ಕಂಬ, ಎರಡೂ ದಿಕ್ಕಿಗೆ ಓರೆ ಕಟ್ಟಿಗೆ, ಮೇಲೆ ನಾಲ್ಕು ಕಡೆ ಇಳಿಜಾರು. ಕಂಬದ ಒಟ್ಟು ಉದ್ದದಲ್ಲಿ ಮೂರನೇ ಒಂದು ಭಾಗ ನೆಲದೊಳಗೆ ಇರಲಿ. ಒಂದು ಮುಂಗಾರು ಕಳೆಯಲಿ. ಗಾಳಿ ಬೀಸುವ ದಿನ ಬುಡದಲ್ಲಿ ನಿಂತು, ಒಂದೊಂದು ಕಂಬಕ್ಕೂ ಕೈ ಇಟ್ಟು ನೋಡಿ. ಯಾವ ಗಂಟು ಕಿರುಗುಟ್ಟುತ್ತದೋ ಅದಕ್ಕೆ ಸುಣ್ಣದ ಗುರುತು ಹಾಕಿ, ಗಾಳಿ ನಿಂತ ಮೇಲೆ ಬಿಗಿಯಿರಿ.